ಮನೆಯಲ್ಲಿ ಕರೆಯುವ ಹೆಸರು

ಸಭೆಗೆ ಬಂದ ಎಲ್ಲರಿಗೂ ಶರಣು. ಮುಂದೆ ಕೂತಿರುವ ಉಮಾಳ ಯಜಮಾನರು ಮೂರ್ತಪ್ಪನವರಿಗೆ, ಭದ್ರಾವತಿಯಿಂದ ಬಂದಿರುವ ಅವಳ ತವರಿನವರಿಗೆ — ಏನು ಹೇಳಲಿ, ಕೈ ಮುಗಿಯುತ್ತೇನೆ.

ನಾನು ಸುಭದ್ರಮ್ಮ. ಹೊಸಮನೆ ಬಡಾವಣೆಯ ನಮ್ಮ ಗ್ರಾಹಕರ ವೇದಿಕೆಯಲ್ಲಿ ಉಮಾಮಹೇಶ್ವರಿಯ ಜೊತೆ ಕೆಲಸ ಮಾಡಿದವಳು. ಸಭೆಯಲ್ಲಿ ‘ಅವರು’ ಅನ್ನಬೇಕು, ಗೊತ್ತು. ಬಾಯಿಗೆ ಬರುವುದಿಲ್ಲ. ನನ್ನದು ಹಳ್ಳಿ ಶಾಲೆಯ ಓದು, ಹೊಟ್ಟೆಗೆ ಹಾಕಿಕೊಳ್ಳಿ.

ಉಮಾಳಿಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿಯಲಿಲ್ಲ. ಅದಕ್ಕೆ ತಾಯಿ ಇವಳನ್ನು ಕರೆಯಲು ಒಂದು ಒರಟು ಹೆಸರಿಟ್ಟರು — ಸಾವು ಕೇಳಿ, ಮೂಗು ಮುರಿದು, ಮುಂದೆ ಹೋಗಲಿ ಅಂತ. ಈ ಪದ್ಧತಿ ನಿಮಗೆಲ್ಲ ಗೊತ್ತಿದೆ. ಆ ಹೆಸರು ತಾಯಿಯ ಬಾಯಲ್ಲಿ ಮಾತ್ರ ಇತ್ತು. ತಾಯಿ ಹೋದ ಮೇಲೆ ಕರೆಯುವವರು ಇರಲಿಲ್ಲ. ಇಲ್ಲಿ ನಾನು ಅದನ್ನು ಹೇಳುವುದಿಲ್ಲ.

ಸವಳಂಗ ರಸ್ತೆಯ ಸೈಬರ್ ಸೆಂಟರಿನಲ್ಲಿ ದೂರು ಕಳಿಸಲು ಅವಳ ಹೆಸರಿನಲ್ಲಿ ಇ-ಮೇಲ್ ಮಾಡಿಸುತ್ತಿದ್ದೆವು. ಫೋನ್ ನಂಬರ್ ಕೇಳಿತು, ಕೊಟ್ಟಳು. ಪಾಸ್‌ವರ್ಡ್ ಮರೆತರೆ ಬೇಕು ಅಂತ ಇನ್ನೊಂದು ಕೇಳಿತು — ಚಿಕ್ಕಂದಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು? ಬಾಯಿಗೆ ಬಂದದ್ದು ಬರಿ ಅಂದೆ.

“ಕೊರಳಲ್ಲಿ ಲಿಂಗ ಇಟ್ಕೊಂಡು ಸುಳ್ಳು ಬರೀಲೇನೇ ಮಾರಾಯ್ತಿ?” ಅಂದಳು. ಇದ್ದದ್ದನ್ನೇ ಬರೆದಳು.

ಸ್ವಲ್ಪ ದಿನಕ್ಕೆ ಫೋನ್ ಬಂತು. ಒಂದು ಹೆಣ್ಣು ದನಿ — ಆ ಹೆಸರು ಹಿಡಿದು ಕರೆಯಿತು. ಉಮಾ ‘ಅವ್ವಾ’ ಅಂದುಬಿಟ್ಟಳು. ಆಮೇಲೆ ತಿಳಿಯಿತು, ಯಾವುದೋ ಕಂಪನಿಯ ಹುಡುಗಿ, ಇನ್ಶೂರೆನ್ಸ್ ಮಾಡಿಸುತ್ತೀರಾ ಅಂತ ಕೇಳುತ್ತಿದ್ದಾಳೆ.

ಆಮೇಲೆ ಇನ್ನೊಂದು ಕಂಪನಿ. ಮತ್ತೊಂದು. ಎಲ್ಲರ ಬಾಯಲ್ಲೂ ಅದೇ ಹೆಸರು. ಸ್ಟೇಷನ್ನಿಗೆ ಹೋದೆವು. ಏನು ಕಳುವಾಯಿತು ಅಂದರು. ಹೆಸರು ಅಂದಳು. ಹೆಸರು ನಿಮ್ಮ ಹತ್ರಾನೇ ಇದೆಯಲ್ಲಮ್ಮಾ ಅಂತ ನಕ್ಕರು. ಇದಕ್ಕೆ ಕಾನೂನು ಎಲ್ಲಿದೆ ಅಂದರು.

ಅಂದಿನಿಂದ ಅವಳಿಗೆ ಒಂದೇ ಹಠ — ದೆಹಲಿಯಲ್ಲಿ ಕಾನೂನಾಗಬೇಕು. ನಮ್ಮನ್ನು ಕೇಳದೆ ನಮ್ಮ ವಿಷಯ ಇನ್ನೊಬ್ಬರಿಗೆ ಕೊಡಬಾರದು. ಅಳಿಸಿ ಅಂದರೆ ಅಳಿಸಬೇಕು. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಮನೆಮನೆ ತಿರುಗಿ ಸಹಿ ಹಾಕಿಸಿದಳು. ಅಲ್ಲೇ ಎದೆನೋವು ಬಂತು.

ಮೊನ್ನೆ ಮಧ್ಯಾಹ್ನ ಮೂರ್ತಪ್ಪನವರ ಮನೆಯಲ್ಲಿ ಕೂತಿದ್ದೆ. ಫೋಟೋದ ಪಕ್ಕದಲ್ಲಿ ಅವಳ ಮೊಬೈಲ್ ಹೊಡೆದುಕೊಂಡಿತು. ಇವರು ನೋಡುತ್ತಲೇ ಕೂತರು. ನಾನೇ ಎತ್ತಿದೆ. ಅದೇ ಹೆಸರು. ಅವಳು ತೀರಿಹೋದಳಮ್ಮಾ, ಹೆಸರು ತೆಗೆದುಬಿಡು ಅಂದೆ. ಟಕಟಕ ಒತ್ತುವ ಸದ್ದು ಕೇಳಿತು.

“ಇಲ್ಲಿ ಇನ್ನೂ ಇದ್ದಾರೆ ಅಂತ ತೋರಿಸ್ತಿದೆ ಮೇಡಂ. ತೆಗೀಬೇಕಂದ್ರೆ ಅವರೇ ಹೇಳ್ಬೇಕು. ಸ್ವಲ್ಪ ಫೋನ್ ಕೊಡ್ತೀರಾ ಅವರಿಗೆ?”

ನಾನು — ನಾನು ತಿರುಗಿ ಫೋಟೋ ನೋಡಿಬಿಟ್ಟೆ.

ಅವಳು ಶಿವನಲ್ಲಿ ಬೆರೆತಳು ಅಂತ ನಂಬಿ ಮಣ್ಣು ಕೊಟ್ಟು ಬಂದಿದ್ದೇವೆ. ಹಾಗಾದರೆ ಅಲ್ಲಿ ಇನ್ನೂ ಇರುವವಳು ಯಾರು? ಯಾರ ಯಾರ ಹತ್ತಿರ ಇದ್ದಾಳೆ? ಯಾರು ಬಿಡಿಸಿಕೊಂಡು ಬರಬೇಕು?

ಬಾಗಿಲ ಬಳಿ ಅವಳ ಮನವಿ ಇದೆ. ಸಹಿ ಹಾಕಿ ಹೋಗಿ, ನಮ್ಮ ಎಂಪಿಯವರ ಕೈಗೆ ಕೊಡುತ್ತೇವೆ. ಹೋದವರ ಪರವಾಗಿ ಮನೆಯವರು ಅಳಿಸಿ ಅಂದರೂ ಅಳಿಸಬೇಕು ಅಂತ ಕೊನೆಗೆ ನಾನು ಒಂದು ಸಾಲು ಸೇರಿಸಿದ್ದೇನೆ. ಆ ಸಾಲು ಬೇಕಾಗುತ್ತದೆ ಅಂತ ಅವಳಿಗೆ ಹೊಳೆದಿರಲಿಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಫೋನುಗಳನ್ನು ಆಫ್ ಮಾಡಿ — ಮೂರ್ತಪ್ಪನವರೇ, ಅವಳದ್ದನ್ನೂ. ಮನಸ್ಸಿನಲ್ಲೂ ಹೆಸರು ಹಿಡಿಯಬೇಡಿ. ಒಂದು ನಿಮಿಷ, ಅವಳನ್ನು ಯಾರೂ ಕರೆಯದೆ ಇರೋಣ.