ಯಜಮಾನ್ರು ನೆಟ್ಟ ಬಳ್ಳಿ

ಇಲ್ಲ ಅಕ್ಕೋರೇ, ಚಾ ಬೇಡ. ನೀವು ಮೊದ್ಲು ಕೂತ್ಕಳಿ. ಮಡಗಾಂವಿಂದ ಬಸ್ಸಲ್ಲಿ ಬಂದವ್ರು... ಮಗಳ ಬಾಣಂತನ ಅಂದ್ರೆ ಸುಮ್ನೆ ಆಯ್ತಾ? ಮೂರು ತಿಂಗಳು! ನಾನೂ ಇಲ್ಲೇ ಕೆಳಗೆ ಕೂತ್ಕಳ್ತೆ. ಬೆಳಿಗ್ಗೆಯಿಂದ ಕೋಡಿಬಾಗ ಪೂರ್ತಿ ಮೀನ್ ಬುಟ್ಟಿ ಹೊತ್ತು ತಿರುಗಿ ಕಾಲು ಬಿದ್ದೇ ಹೋಗಿದೆ. ತಗಳಿ, ನಿಮ್ಮನೆ ಕೀಲಿ.

ನಗೂದು ಎಂತಕ್ಕೆ? ಮೀನು ಮಾರೂ ಹೀರಾ ಗಿಡಕ್ಕೆ ನೀರು ಹಾಕ್ತಾಳಾ ಅಂತಾ? ಹಾಕ್ದೆ ಮಾರಾಯ್ರೇ! ಕೈಗೆ ಎರಡೆರಡು ಸಲ ಸೋಪು ಹಚ್ಚಿ ತೊಳ್ಕಂಡು, ಸೋಫಾದ ಹಿಂದಿಂದು, ಕಿಟಕಿದು, ಟೀವಿ ಹತ್ರದ್ದು... ಒದ್ದೆ ಬಟ್ಟೆಯಲ್ಲಿ ಎಲೆ ಒರೆಸಿದ್ದೆ. ನನ್ನ ಮಕ್ಕಳ ಮುಖಾನೂ ನಾ ಅಷ್ಟು ಒರೆಸಿಲ್ಲ. ಮನೆಯೊಳಗೆ ಗಿಡ ಯಾಕೆ ಬೇಕು ಹೇಳಿ? ಹೊರಗಿದ್ರೆ ಮಳೆಯೇ ನೋಡ್ಕಳ್ತಿತ್ತು.

ಹಾಂ... ಅದಾ? ಅದೂ ಚಂದಾಗೇ ಇದೆ. ನಿಮ್ಮ ಯಜಮಾನ್ರು ನೆಟ್ಟ ಮನಿ ಪ್ಲಾಂಟ್, ನಾನು ಹಾಳು ಮಾಡ್ತೇನಾ? ಅವರು ಹೋಗಿ ಎರಡು ವರ್ಷ ಆಯ್ತು, ನೀವು ಬೆಳಿಗ್ಗೆ ಚಾ ಹಿಡ್ಕಂಡು ಅದ್ರ ಹತ್ರ ಮಾತಾಡೂದು ನಾ ನೋಡಿಲ್ವಾ?

ಗಿಡ್ಡ ಆಗಿದ್ಯಾ? ಕತ್ತರಿಸ್ದೆ ಅಕ್ಕೋರೇ. ಪರದೆ ದಾಟಿ ಫ್ಯಾನಿಗೆ ಸಿಕ್ಕೂಕೆ ಹೋಗಿತ್ತು. ಎಲೆ ಸಣ್ಣ ಅಲ್ಲ... ಹೊಸ ಚಿಗುರು ಅದು. ಕುಂಡ ನೋಡ್ರಾ, ಕುಂಡ ಅದೇ ಅಲ್ಲವಾ?

ನೆಲದ ಮೇಲೆ ಎಂತಕ್ಕೆ ಕೂತ್ರಿ? ಏಳಿ, ತಂಪು ಹತ್ತತ್ತೆ... ಅಕ್ಕೋರೇ? ನಮ್ಮನೆ ಕರಿಬೇವು ಹಂಚು ಮುಟ್ಟಿದೆ, ಗೊತ್ತಲ್ಲ? ಮೀನು ತೊಳೆದ ನೀರು ಹಾಕಿಯೇ ಬೆಳೆಸಿದ್ದು. ಗಿಡಕ್ಕೆ ಅದು ಅಮೃತ. ನಾ ಹೇಳೂದು ಎಂತ ಅಂದ್ರೆ...

ಬಯ್ರಾ ಒಂದ್ಸಲ! ಹೀಗೆ ಎಲೆ ಒಂದೊಂದೇ ಮುಟ್ಟಿ ನೋಡ್ತಾ ಕೂತ್ರೆ ನಾ ಎಂತ ಮಾಡೂದು?

ಹಾಕ್ದೆ. ಒಂದು ಚೊಂಬು. ಎಲೆ ಹಳದಿ ಆಗ್ತಿತ್ತು, ನೀವು ಬರೂದ್ರೊಳಗೆ ಹಸಿರಾಗ್ಲಿ ಅಂತ. ಬಾಲ್ದಿಯಲ್ಲಿ ಇದ್ದದ್ದು ಉಪ್ಪು ಹಾಕಿಟ್ಟ ಬಾಂಗಡೆ ತೊಳೆದ ನೀರು... ನಂಗೆ ನೆನಪೇ ಆಗ್ಲಿಲ್ಲ. ಸೋತಿದ್ದೆ ಅಕ್ಕೋರೇ, ಆ ದಿನ ಭಾಳ ಸೋತಿದ್ದೆ. ಎಂಟು ದಿನದಲ್ಲಿ ಬುಡ ಕೊಳೀತು. ಏಳು ತುಂಡು ಮಾಡಿ ಬಾಟ್ಲಿ ನೀರಲ್ಲಿಟ್ಟೆ. ಒಂದಾದ್ರೂ ಬೇರು ಬಿಡ್ಲಿ ದೇವ್ರೇ ಅಂತ ದಿನಾ ಎತ್ತಿ ನೋಡ್ದೆ. ಒಂದೂ ಬಿಡ್ಲಿಲ್ಲ.

ಈ ಕುಂಡದಲ್ಲಿರೂದು ಬಾಳೆಗುಳಿ ನರ್ಸರಿದು. ಬಸ್ಸಲ್ಲಿ ಮಡಿಲಲ್ಲಿ ಇಟ್ಕಂಡು ತಂದೆ.

ಅದಕ್ಕೆ ಬಯ್ದು ಬಿಡಿ, ತಡ್ಕಳ್ತೆ. ಆದ್ರೆ ಇನ್ನೊಂದುಂಟು... ಆಮೇಲೆ ನಾಲ್ಕು ಭಾನುವಾರ ನೀವು ಈ ಮನೆ ಫೋನಿಗೆ ಮಾಡಿ, "ಹೀರಾ, ರಿಸೀವರ್ ಬಳ್ಳಿ ಹತ್ರ ಹಿಡಿ, ನೀ ಕೇಳ್ಬೇಡ" ಅಂದ್ರಿ. ನಾ ಇದಕ್ಕೇ ಹಿಡಿದೆ. ಮೊಮ್ಮಗನ ಮೂಗು ನಿಮ್ಮ ಹಾಗೇ ಇದೆ, ನೋಡೂಕೆ ನೀವಿಲ್ಲ ಅಂತ ಯಜಮಾನ್ರಿಗೆ ಹೇಳಿ ಅತ್ರಿ. ಇಟ್ಟುಬಿಡುವಾ ಅನ್ನಿಸ್ತು ನಂಗೆ. ಆದ್ರೂ ಹಿಡ್ಕಂಡೇ ನಿಂತೆ.

ಎಲ್ಲಾ ಕೇಳ್ದೆ ಅಕ್ಕೋರೇ. ನಾನೊಬ್ಬಳೇ ಕೇಳಿದ್ದು.