ಅಮ್ಮನ ತಪಾಸಣೆ

ಬಸ್ಸಿನ ಸಾಲಿನಲ್ಲಿ ಮುಂದಿದ್ದ ಅಕ್ಕ-ತಮ್ಮ, ಮರೆವಿನ ಕಾಯಿಲೆಯ ತಾಯಿಗೆ ವೃದ್ಧಾಶ್ರಮ ಹುಡುಕುತ್ತಿದ್ದರು. ಪರರ ಮಾತು ಕೇಳಬಾರದೆಂದುಕೊಳ್ಳುತ್ತಲೇ ಅವರ ಹಿಂದೆ ನಿಂತಿದ್ದ ದರ್ಜಿಯೊಬ್ಬ ಕಿವಿ ನಿಮಿರಿಸಿದ.

“ಮೊದಲನೇದು ಕನ್ನಡಿ ಹಂಗಿತ್ತಂತಲ್ಲೋ, ಅದೇ ಇರಲಿ.”

“ಅಲ್ಲಿ ಅಮ್ಮ ಐದೇ ನಿಮಿಷಕ್ಕೆ ‘ಎಲ್ಲ ಸರಿಯಾಗಿದೆ, ನಡೀರಿ’ ಅಂತ ಎದ್ದುಬಿಟ್ಳಕ್ಕಾ.”

“ಇನ್‌ಸ್ಪೆಕ್ಟರ್ ಕೆಲಸದಿಂದ ರಿಟೈರಾಗಿ ಇಪ್ಪತ್ತು ವರ್ಷ ಆದ್ರೂ ಶಾಲೆ ತಪಾಸಣೆಗೇ ಬಂದಿದ್ದೀನಿ ಅಂತ ಅವಳ ಲೆಕ್ಕ! ಎರಡನೇದ್ರಲ್ಲಿ?”

“ನಿಂತ ಗಡಿಯಾರ, ಹರಿದ ಪರದೆ. ಅಡುಗೆಯವನಿಗೆ ಉಗುರು ತೋರಿಸು ಅಂದ್ಳು. ‘ಇದೆಲ್ಲ ಸರಿಹೋಗೋತನಕ ನಾನು ಕದಲಲ್ಲ’ ಅಂತ ಕುರ್ಚಿ ಹಿಡಿದು ಕೂತ್ಳು.”

“ಅಯ್ಯೋ, ಸರಿಹೋದ ದಿನ ಏನೋ ಗತಿ?”

“ಅದಕ್ಕೇ ಅಡುಗೆಯವನ ಕೈ ಹಿಡ್ಕೊಂಡು ಕೇಳ್ಕೊಂಡೆ, ದಿನಾ ಒಂದಾದ್ರೂ ತಪ್ಪು ಉಳಿಸ್ಕೊಳ್ಳಪ್ಪಾ ಅಂತ.”

“ಏನಂದ?”

“‘ಅದಕ್ಕೇನೂ ಕೊರತೆಯಿಲ್ಲ ಸಾರ್’ ಅಂದ.”

“ಹಾಗಾದ್ರೆ ಅದೇ ಆಗಲಿ,” ಎನ್ನುತ್ತ ಅಕ್ಕ ಆಗಷ್ಟೇ ಬಂದು ನಿಂತ ಬಸ್ಸು ಹತ್ತಿದಳು, ತಮ್ಮ ಹಿಂದೆಯೇ.