ಸಮಾಜವಾದಿ ಕುವಬಾರಾ ಮುಗಿಸದ ಭಾಷಣ

ಟೋಕಿಯೋದ ಗೆಳೆಯರೇ, ನಮ್ಮ ಅಚ್ಚುಕೂಟದವರೇ, ತೀರಿಕೊಂಡ ಕುವಬಾರಾ ತೇಯ್ಜಿ ಅವರ ಶ್ರೀಮತಿ ಶಿನೋ ಅಕ್ಕನವರೇ, ವೇದಿಕೆಯ ಮೇಲೆ ಕತ್ತಿ ಕಟ್ಟಿಕೊಂಡು ಕೂತಿರುವ ಪೊಲೀಸ್ ಅಧಿಕಾರಿಗಳೇ — ನಮಸ್ಕಾರ.

ಕುವಬಾರಾ ಅವರೂ ನಾನೂ ಒಂದೇ ಮೇಜಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವರು. ಜೈಲಿನಿಂದ ತಂದ ಕೆಮ್ಮು ಅವರನ್ನು ತಿಂದುಹಾಕಿತು.

ಅಕ್ಕ ಇವತ್ತು ಮುಂದಿನ ಸಾಲಿನಲ್ಲಿದ್ದಾರೆ — ನೋಡಿ. ರಾಜಕೀಯ ಸಭೆಗೆ ಹೆಂಗಸರು ಕಾಲಿಡಬಾರದೆಂದು ಕಾನೂನು. ಗಂಡ ಒಳಗೆ ಭಾಷಣ ಮಾಡುವಾಗೆಲ್ಲ ಅಕ್ಕ ಬಾಗಿಲಲ್ಲಿ ನಮ್ಮ ಮರದ ಚಪ್ಪಲಿ ಕಾಯುತ್ತಿದ್ದರು. ಇದು ಸಂತಾಪದ ಸಭೆ, ಅದಕ್ಕೇ ಒಳಗೆ ಬಿಟ್ಟಿದ್ದಾರೆ. ನಾನು ರಾಜಕೀಯ ಎತ್ತಿದರೆ ಅವರು ಎದ್ದು ಹೋಗಬೇಕು.

ಕುವಬಾರಾ ಅವರ ಭಾಷಣ ನಿಮಗೆ ನೆನಪಿದೆ. ಹೀಗೆ ಎರಡೂ ಕೈ ಚಾಚಿ ಕೇಳುತ್ತಿದ್ದರು — “ಅಕ್ಕಿ ಬೆಳೆಯೋರು ಯಾಕ್ರೀ ಬಾರ್ಲಿ ಗಂಜಿ ಕುಡೀಬೇಕು?” ಕೇಳಿ, ಒಂದು ಗುಟುಕು ನೀರು ಕುಡಿದು, ಉತ್ತರಕ್ಕೆ ಬಾಯಿ ತೆರೆದರೆ — ಅಧಿಕಾರಿ ಎದ್ದು ಭಾಷಣ ನಿಲ್ಲಿಸುತ್ತಿದ್ದರು. ಯಾವ ಊರಿಗೆ ಹೋದರೂ ಅಷ್ಟೇ. ಹೊರಗೆ ಅಕ್ಕ ಚಪ್ಪಲಿ ಕೊಡುತ್ತಾ ಕೆಣಕುತ್ತಿದ್ದರು: “ಇವತ್ತೂ ಬರೀ ನೀರು ಕುಡಿದು ಬಂದ್ರಾ? ಮುಂದಿನ ಸಲ ಆ ಪೊಲೀಸಪ್ಪ ಮೇಲೇಳದ ಹಾಗೆ ಅವನ ಬೂಟಿಗೆ ಅನ್ನ ಮೆತ್ತಿಡ್ತೀನಿ.” ನಾವು ನಗುತ್ತಿದ್ದೆವು. ಈಗ ನಗುವವರೂ ಉಳಿದಿಲ್ಲ. ನಮ್ಮ ಪಕ್ಷ —

ತಪ್ಪಾಯಿತು, ಅಧಿಕಾರಿಗಳೇ. ಗೆಳೆಯರ ಗುಂಪು ಅಂದೆ. ಅಕ್ಕ, ಕೂತ್ಕೊಳ್ಳಿ — ದಯವಿಟ್ಟು ಕೂತ್ಕೊಳ್ಳಿ.

ಆ ಗುಂಪು ಕಣ್ಣು ಬಿಡುವ ಮೊದಲೇ ಚದುರಿಹೋಯಿತು. ಕೆಲವರು ಜೈಲಲ್ಲಿ, ಕೆಲವರು ಹೆದರಿ ಊರು ಸೇರಿದರು. ಬಾಗಿಲಲ್ಲಿ ಇವತ್ತು ಎಷ್ಟು ಚಪ್ಪಲಿ ಇವೆ, ನೀವೇ ನೋಡಿದಿರಿ.

ನಿನ್ನೆ ಗಂಡನ ಬೂದಿಯ ಮುಂದೆ ಕೂತು ಅಕ್ಕ ಕೇಳಿದರು: “ನೀರು ಕುಡಿದ ಮೇಲಿನ ಮಾತು ನಾಳೆ ನೀನು ಹೇಳ್ತೀಯಾ?” ಈಗಲೇ ಹೇಳುತ್ತೇನೆ ಅಂದೆ. ಬೇಡವೆಂದರು. “ಮನೇಲಿ ಅವರೂ ಹೇಳ್ತಿದ್ರು, ಕೆಮ್ಮುತ್ತಾ. ನಾಲ್ಕು ಜನರ ಮಧ್ಯೆ ಕೂತು ಒಂದ್ಸಲ ಕೇಳ್ಬೇಕು, ತಮ್ಮಾ.”

ಅಕ್ಕ, ಆ ಮಾತು ಇಲ್ಲೇ, ಗಂಟಲಲ್ಲೇ ಇದೆ. ಶುರು ಮಾಡಿದರೆ, ಮುಗಿಯುವ ಮೊದಲೇ ನಿಮ್ಮನ್ನು ಎಬ್ಬಿಸುತ್ತಾರೆ. ನನಗೆ ದಾರಿ ಕಾಣುತ್ತಿಲ್ಲ. ಮುಂದೆ ಕಂಡೀತು ಅಂತಲೂ ಅನಿಸುತ್ತಿಲ್ಲ.

ಪ್ರಶ್ನೆಯನ್ನಷ್ಟೇ ಕೇಳುತ್ತೇನೆ. ಗಂಜಿಯ ಮಾತಿಗೆ ಅಡ್ಡಿಯಿಲ್ಲ ತಾನೇ? — ಅಕ್ಕಿ ಬೆಳೆಯೋರು ಯಾಕ್ರೀ ಬಾರ್ಲಿ ಗಂಜಿ ಕುಡೀಬೇಕು?

ಇಗೋ, ನೀರು ಕುಡಿದೆ.

ಆ ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ಎಲ್ಲರೂ ಎದ್ದು ನಿಲ್ಲಿ. ಯಾರೂ ಮಾತಾಡಬೇಡಿ. ಅಕ್ಕ, ನೀವೂ ಏಳಿ — ಹೊರಗೆ ಹೋಗುವುದಕ್ಕಲ್ಲ.